ಗೆಳೆಯರ ಜೊತೆ ದ್ವೀಪದಲ್ಲಿ ಆರಾಮಾಗಿ ನಾಲ್ಕು ದಿನ: ಪದೇ ಪದೇ ಕೇಳುವ ಪ್ರಶ್ನೆಗಳು

ದ್ವೀಪಕ್ಕೆ ಹೋಗೋಣ ಅಂತ ಗುಂಪಿನಲ್ಲಿ ಒಬ್ಬರು ಬಾಯಿಬಿಟ್ಟರೆ ಸಾಕು, ಪ್ರಶ್ನೆಗಳ ಸುರಿಮಳೆ ಶುರುವಾಗುತ್ತದೆ. ಅವುಗಳಲ್ಲಿ ಮತ್ತೆ ಮತ್ತೆ ಬರುವಂಥವಕ್ಕೆ ಇಲ್ಲಿ ಉತ್ತರ ಇದೆ. ಬೆಳಗ್ಗೆ ಐದಕ್ಕೆ ಎದ್ದು ಎಂಟು ಜಾಗ ನೋಡಿ ಬರುವ ಪ್ರವಾಸ ನಿಮ್ಮದಾಗಿದ್ದರೆ ಇದು ಅಷ್ಟಾಗಿ ಉಪಯೋಗಕ್ಕೆ ಬರಲಿಕ್ಕಿಲ್ಲ. ಕಾಲು ಚಾಚಿ ಕೂರಬೇಕು ಅನ್ನುವವರಿಗೆ ಬರೆದದ್ದು.

ಎಷ್ಟು ಜನ ಹೋದರೆ ಚೆನ್ನ?

ನಾಲ್ಕರಿಂದ ಆರು. ಅಷ್ಟು ಜನ ಒಂದೇ ಮೇಜಿಗೆ ಕೂರಬಹುದು, ಒಂದೇ ವ್ಯಾನಿಗೆ ಹತ್ತಬಹುದು, ಸಣ್ಣ ದೋಣಿಯನ್ನು ತಮಗೇ ಬಾಡಿಗೆಗೆ ತಗೊಳ್ಳಬಹುದು. ಎಂಟು ದಾಟಿದರೆ ಊಟಕ್ಕೆ ಎಲ್ಲಿ ಹೋಗೋಣ ಅನ್ನೋದು ತೀರ್ಮಾನವಾಗುವಷ್ಟರಲ್ಲಿ ಹಸಿವೇ ಸತ್ತಿರುತ್ತದೆ. ಮೂವರಿದ್ದರೆ ಬೇರೆ ತೊಂದರೆ: ಇಬ್ಬರು ಒಂದು ಕಡೆ, ಒಬ್ಬರು ಒಂಟಿ.

ಯಾವ ತಿಂಗಳು ಹೋಗಬೇಕು?

ಉಷ್ಣವಲಯ ಅಂದರೆ ಸಮಭಾಜಕ ವೃತ್ತದ ಎರಡೂ ಕಡೆ ಸುಮಾರು 23.4 ಡಿಗ್ರಿವರೆಗಿನ ಪಟ್ಟಿ. ಇಲ್ಲಿ ಸೆಖೆ ವರ್ಷವಿಡೀ ಹೆಚ್ಚುಕಮ್ಮಿ ಒಂದೇ. ಬದಲಾಗೋದು ಮಳೆ, ಗಾಳಿ ಮತ್ತು ಅಲೆ. ಹಾಗಾಗಿ ಹುಡುಕುವಾಗ ‘ಬಿಸಿಲು ಎಷ್ಟು’ ಅಂತ ನೋಡಬೇಡಿ, ‘ಗಾಳಿ ಯಾವ ಕಡೆಯಿಂದ’ ಅಂತ ನೋಡಿ.

ಬಾಲಿಯಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಣ ಹವೆ. ಮಾಲ್ಡೀವ್ಸ್‌ನಲ್ಲಿ ಜನವರಿಯಿಂದ ಏಪ್ರಿಲ್‌ವರೆಗೆ ಸಮುದ್ರ ಶಾಂತ. ಮಾರಿಷಸ್ ಕಡೆ ಚಂಡಮಾರುತದ ಕಾಲ ನವೆಂಬರ್‌ನಿಂದ ಏಪ್ರಿಲ್. ಕೆರಿಬಿಯನ್ ದ್ವೀಪಗಳಿಗೆ ಅದು ಜೂನ್ 1ರಿಂದ ನವೆಂಬರ್ 30. ಒಂದೇ ದೇಶದೊಳಗೂ ಲೆಕ್ಕ ತಿರುಗುಮುರುಗಾಗುತ್ತದೆ. ಥಾಯ್ಲೆಂಡ್‌ನ ಫುಕೆಟ್‌ನಲ್ಲಿ ಮೇನಿಂದ ಅಕ್ಟೋಬರ್‌ವರೆಗೆ ಮಳೆ. ಆಚೆ ಕರಾವಳಿಯ ಕೊಹ್ ಸಮುಯಿಯಲ್ಲಿ ಜೋರು ಮಳೆ ಬರೋದು ಅಕ್ಟೋಬರ್‌ನಿಂದ ಡಿಸೆಂಬರ್. ‘ಥಾಯ್ಲೆಂಡ್‌ಗೆ ಯಾವಾಗ ಹೋಗೋದು’ ಅಂತ ಕೇಳಿದರೆ ಅದಕ್ಕೇ ನೇರ ಉತ್ತರ ಸಿಗೋದಿಲ್ಲ.

ಸಮಭಾಜಕ ವೃತ್ತದಿಂದ ಐದು ಡಿಗ್ರಿಯೊಳಗೆ ಚಂಡಮಾರುತ ಹುಟ್ಟುವುದು ತೀರಾ ಅಪರೂಪ. ಗಾಳಿಯನ್ನು ಸುಳಿಯಾಗಿ ತಿರುಗಿಸಲು ಭೂಮಿಯ ತಿರುಗುವಿಕೆಯ ಬಲ ಅಲ್ಲಿ ಸಾಕಾಗುವುದಿಲ್ಲ. ತಾರೀಕು ನಿಮ್ಮ ಕೈಯಲ್ಲಿಲ್ಲ, ರಜೆ ಸಿಕ್ಕಾಗಲೇ ಹೋಗಬೇಕು ಅನ್ನುವವರು ಆ ಪಟ್ಟಿಯೊಳಗಿನ ದ್ವೀಪ ಹುಡುಕಿದರೆ ಒಂದು ಚಿಂತೆ ಕಮ್ಮಿ.

ಇನ್ನೊಂದು ಮಾತು. ಟಿಕೆಟ್ ಮಾಡುವ ಮುಂಚೆ ಅಲ್ಲಿನ ಹಬ್ಬಗಳ ಪಟ್ಟಿ ನೋಡಿ. ಬಾಲಿಯಲ್ಲಿ ‘ನ್ಯೆಪಿ’ ಅನ್ನುವ ಮೌನದ ದಿನ ವಿಮಾನ ನಿಲ್ದಾಣವೇ 24 ಗಂಟೆ ಮುಚ್ಚಿರುತ್ತದೆ. ಪ್ರವಾಸಿಗರೂ ಹೋಟೆಲ್ ಬಿಟ್ಟು ಹೊರಗೆ ಬರುವಂತಿಲ್ಲ. ನಿಜ ಹೇಳಬೇಕಂದರೆ, ಆರಾಮ ಬೇಕು ಅನ್ನುವವರಿಗೆ ಅದಕ್ಕಿಂತ ಒಳ್ಳೆಯ ದಿನ ಇನ್ನೊಂದಿಲ್ಲ. ಗೊತ್ತಿದ್ದು ಹೋಗಬೇಕು, ಅಷ್ಟೇ.

ಮಳೆಗಾಲದಲ್ಲಿ ಹೋದರೆ ಪೂರ್ತಿ ಹಾಳಾ?

ಹಾಗೇನಿಲ್ಲ. ಎಷ್ಟೋ ಕಡೆ ಒಂದೆರಡು ಗಂಟೆ ಧೋ ಅಂತ ಸುರಿದು ಮತ್ತೆ ಬಿಸಿಲು ಬರುತ್ತದೆ. ರೂಮೂ ಅಗ್ಗ. ಆದರೆ ಅಲೆ ಎದ್ದು ನೀರು ಕಲಕಿರುತ್ತದೆ, ದೋಣಿಗಳು ರದ್ದಾಗಬಹುದು. ಓದೋದು, ಹರಟೆ, ಇಸ್ಪೀಟು, ನಿದ್ದೆ ಇಷ್ಟೇ ಸಾಕು ಅನ್ನುವ ಗುಂಪಾದರೆ ಧೈರ್ಯವಾಗಿ ಹೋಗಿ. ಹವಳ ನೋಡಲೇಬೇಕು ಅನ್ನುವವರು ಒಬ್ಬರಿದ್ದರೂ ಬೇಡ.

ದ್ವೀಪ ಆರಿಸೋದು ಹೇಗೆ? ಫೋಟೋದಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವಲ್ಲ.

ಫೋಟೋ ಬಿಡಿ. ಮೂರು ವಿಷಯ ನೋಡಿ.

ಮೊದಲನೆಯದು, ಮನೆ ಬಾಗಿಲಿನಿಂದ ಮರಳಿನವರೆಗೆ ಎಷ್ಟು ಸಲ ವಾಹನ ಬದಲಿಸಬೇಕು. ವಿಮಾನ, ಇನ್ನೊಂದು ವಿಮಾನ, ಟ್ಯಾಕ್ಸಿ, ದೋಣಿ ಅಂತಾದರೆ ಹೋಗುವಾಗ ಒಂದು ದಿನ, ಬರುವಾಗ ಒಂದು ದಿನ ಹೋಯಿತು ಅಂತಲೇ ಲೆಕ್ಕ. ಮಾಲ್ಡೀವ್ಸ್‌ನ ದ್ವೀಪಗಳಿಗೆ ಒಯ್ಯುವ, ನೀರಿನ ಮೇಲೆ ಇಳಿಯುವ ಸೀಪ್ಲೇನ್‌ಗಳು ಹಗಲಲ್ಲಿ ಮಾತ್ರ ಹಾರುತ್ತವೆ. ನಿಮ್ಮ ವಿಮಾನ ಸಂಜೆ ಇಳಿದರೆ ಆ ರಾತ್ರಿ ರಾಜಧಾನಿಯ ಆಸುಪಾಸಿನಲ್ಲೇ ಕಳೆಯಬೇಕು, ಅದರ ಖರ್ಚು ಬೇರೆ.

ಎರಡನೆಯದು, ಉಬ್ಬರ ಇಳಿತ. ಇದನ್ನು ಯಾರೂ ಕೇಳೋದೇ ಇಲ್ಲ. ತಾಂಜಾನಿಯಾದ ದ್ವೀಪ ಜಾಂಜಿಬಾರ್‌ನ ಪೂರ್ವ ತೀರದಲ್ಲಿ ಇಳಿತದ ಹೊತ್ತಿಗೆ ನೀರು ಬಲು ದೂರ ಸರಿದುಬಿಡುತ್ತದೆ. ಬೆಳಗ್ಗೆ ಕಿಟಕಿಯಿಂದ ನೀಲಿ ಸಮುದ್ರ ನೋಡಿ ಖುಷಿಪಟ್ಟವರು ಮಧ್ಯಾಹ್ನ ಟವೆಲ್ ಹೆಗಲಿಗೆ ಹಾಕಿಕೊಂಡು ಬಂದರೆ ಎದುರಿಗೆ ಒದ್ದೆ ಮರಳು, ಪಾಚಿ, ಅಲ್ಲಲ್ಲಿ ಮೊಣಕಾಲು ಮುಟ್ಟದ ಗುಂಡಿ. ಒರಗಿ ನಿಂತ ದೋಣಿಗಳು. ಆ ಬಯಲಲ್ಲಿ ನಡೆಯೋದೂ ಒಂದು ಸೊಗಸೇ, ಆದರೆ ಈಜಬೇಕಂದರೆ ಕಾಯಬೇಕು. ಅಮಾವಾಸ್ಯೆ, ಹುಣ್ಣಿಮೆಯ ಸುತ್ತಮುತ್ತ ಈ ಏರಿಳಿತ ಇನ್ನೂ ಜಾಸ್ತಿ.

ಮೂರನೆಯದು, ದ್ವೀಪದ ಗಾತ್ರ. ಹತ್ತು ನಿಮಿಷದಲ್ಲಿ ಸುತ್ತಿ ಬರುವ ರೆಸಾರ್ಟ್ ದ್ವೀಪದಲ್ಲಿ ಊಟಕ್ಕೆ ಅವರು ಹೇಳಿದ್ದೇ ಬೆಲೆ. ಜನ ವಾಸಿಸುವ ದ್ವೀಪದಲ್ಲಿ ಅಂಗಡಿ, ಔಷಧಿ, ಬೇರೆ ಬೇರೆ ಊಟದ ಜಾಗ ಎಲ್ಲ ಇರುತ್ತದೆ. ಗೆಳೆಯರ ಗುಂಪಿಗೆ ಜನ ವಾಸಿಸುವ ದ್ವೀಪವೇ ಸರಿ ಅಂತ ನನ್ನ ಅನಿಸಿಕೆ.

ಅಷ್ಟು ದೂರ ಹೋಗಿದ್ದೀವಿ, ಎರಡು ಮೂರು ದ್ವೀಪ ಸುತ್ತಿಬಿಡೋಣ್ವಾ?

ಬೇಡ. ಒಂದು ವಾರಕ್ಕಿಂತ ಕಮ್ಮಿ ಇದ್ದರೆ ಒಂದೇ ದ್ವೀಪ, ಒಂದೇ ಮನೆ. ಬ್ಯಾಗು ಕಟ್ಟೋದು, ದೋಣಿ ಕಾಯೋದು, ಮತ್ತೆ ಚೆಕ್‌ಇನ್ ಮಾಡೋದು ಇವೆಲ್ಲ ರಜೆಯನ್ನು ತಿಂದುಹಾಕುತ್ತವೆ.

ಒಂದು ಮನೆ ಪೂರ್ತಿ ತಗೊಳ್ಳೋದಾ, ಬೇರೆ ಬೇರೆ ರೂಮಾ?

ಮನೆಯಾದರೆ ರಾತ್ರಿ ಹರಟೆಗೆ ಒಂದು ಜಗಲಿ, ಸಾಮಾನಿಡಲು ಫ್ರಿಜ್ ಸಿಗುತ್ತದೆ. ಆದರೆ ಬುಕ್ ಮಾಡುವಾಗ ಎಷ್ಟು ಜನ ಮಲಗಬಹುದು ಅಂತ ನೋಡಬೇಡಿ. ಎಷ್ಟು ಬಾಗಿಲಿರುವ ಕೋಣೆಗಳಿವೆ, ಎಷ್ಟು ಬಚ್ಚಲಿವೆ ಅಂತ ನೋಡಿ. ‘ಎಂಟು ಜನಕ್ಕೆ’ ಅಂತ ಬರೆದ ಮನೆಯಲ್ಲಿ ಮೂವರ ಪಾಲಿಗೆ ಹಾಲಿನ ಸೋಫಾ ಬರುವುದುಂಟು. ಗೊರಕೆ ಹೊಡೆಯುವವರು ಯಾರು, ಬೇಗ ಏಳುವವರು ಯಾರು, ಎಸಿ ಇಲ್ಲದೆ ನಿದ್ದೆ ಬಾರದವರು ಯಾರು ಅಂತ ಮೊದಲೇ ನಗುನಗುತ್ತಾ ಕೇಳಿ ಮುಗಿಸಿ. ಕೋಣೆಗಳು ಒಂದೇ ಸಮ ಇಲ್ಲದಿದ್ದರೆ ದೊಡ್ಡ ಕೋಣೆಯವರು ಸ್ವಲ್ಪ ಜಾಸ್ತಿ ಕೊಡಲಿ, ಅಥವಾ ಚೀಟಿ ಎತ್ತಿ.

ದುಡ್ಡಿನ ಲೆಕ್ಕ ಹೇಗೆ?

ಇದೊಂದನ್ನು ಹೋಗುವ ಮುಂಚೆ ಬಾಯಿಬಿಟ್ಟು ಮಾತಾಡಲೇಬೇಕು. ಗೆಳೆಯರ ಪ್ರವಾಸ ಕೆಡೋದು ಮಳೆಯಿಂದಲ್ಲ, ‘ಆ ಬಿಲ್ ಯಾರು ಕೊಟ್ಟರು’ ಅನ್ನೋದರಿಂದ.

ಎಲ್ಲರೂ ಒಂದೇ ಮೊತ್ತ ಹಾಕಿ ಒಂದು ಕಾಮನ್ ಪರ್ಸ್ ಮಾಡಿ. ಮನೆ, ದೋಣಿ, ಟ್ಯಾಕ್ಸಿ, ಒಟ್ಟಿಗೆ ಮಾಡಿದ ಊಟ ಅದರಿಂದ ಹೋಗಲಿ. ಮದ್ಯ, ಮಸಾಜ್, ಡೈವಿಂಗ್, ಶಾಪಿಂಗ್ ಅವರವರದ್ದು. ಕುಡಿಯದವರ ಪಾಲಿಗೆ ಕುಡಿಯುವವರ ಬಿಲ್ ಬಂದರೆ ಅವರು ಬಾಯಲ್ಲಿ ಏನೂ ಹೇಳೋದಿಲ್ಲ, ಮನಸ್ಸಲ್ಲಿ ಇಟ್ಟುಕೊಳ್ಳುತ್ತಾರೆ. ಪರ್ಸ್ ಇಟ್ಟುಕೊಳ್ಳುವ ಕೆಲಸ ದಿನಕ್ಕೊಬ್ಬರದ್ದಾಗಲಿ. ಸಣ್ಣ ದ್ವೀಪಗಳಲ್ಲಿ ಎಟಿಎಂ ಇರದಿರಬಹುದು, ಇದ್ದರೂ ಖಾಲಿಯಾಗಿರಬಹುದು. ದೊಡ್ಡ ಊರಿನಲ್ಲೇ ನಗದು ತೆಗೆದುಕೊಂಡು ದೋಣಿ ಹತ್ತಿ.

ಬಜೆಟ್ ಹೇಳುವಾಗ ಎಲ್ಲರಿಗಿಂತ ಕಮ್ಮಿ ಹೇಳಿದವರ ಅಂಕಿಯನ್ನೇ ಇಟ್ಟುಕೊಳ್ಳಿ. ಹೆಚ್ಚು ಖರ್ಚು ಮಾಡಬೇಕು ಅನ್ನುವವರಿಗೆ ಅಲ್ಲಿ ಹೋದ ಮೇಲೆ ದಾರಿಗಳು ಬೇಕಾದಷ್ಟಿರುತ್ತವೆ.

ದಿನಕ್ಕೆ ಎಷ್ಟು ಪ್ಲಾನ್ ಇರಬೇಕು?

ದಿನಕ್ಕೆ ಒಂದು. ಅದೂ ಬೆಳಗ್ಗೆ.

ಸಮಭಾಜಕದ ಹತ್ತಿರ ಹಗಲು ವರ್ಷವಿಡೀ ಸುಮಾರು 12 ಗಂಟೆ. ಸೂರ್ಯ ಹೆಚ್ಚುಕಮ್ಮಿ ನೆಟ್ಟಗೆ ಇಳಿಯುವುದರಿಂದ ಮುಸ್ಸಂಜೆ ಅನ್ನೋದು ಬೇಗ ಮುಗಿದು ಕತ್ತಲಾಗಿಬಿಡುತ್ತದೆ. ಏಳೂವರೆಗೆ ದೋಣಿ ಹತ್ತಿದರೆ ನೀರು ತಿಳಿಯಾಗಿರುತ್ತದೆ, ಗಾಳಿ ಕಮ್ಮಿ, ಜನ ಕಮ್ಮಿ. ಹನ್ನೊಂದಕ್ಕೆ ವಾಪಸ್. ಆಮೇಲೆ ಸ್ನಾನ, ಊಟ.

ಊಟವಾದ ಮೇಲಿನ ಹೊತ್ತನ್ನು ಯಾರೂ ಮುಟ್ಟಬಾರದು. ಎರಡು ಗಂಟೆಗೆ ದ್ವೀಪವೇ ಮಲಗಿರುತ್ತದೆ. ನಾಯಿ ಮೆಟ್ಟಿಲ ನೆರಳಲ್ಲಿ ಹೊಟ್ಟೆಗೆ ತಂಪು ತಾಗಿಸಿಕೊಂಡು ಬಿದ್ದಿರುತ್ತದೆ, ಹಗ್ಗದ ಮೇಲೆ ಒಗೆದ ಟವೆಲ್ ಅಲ್ಲಾಡೋದಿಲ್ಲ. ಆ ಹೊತ್ತಲ್ಲಿ ‘ಈಗ ಏನು ಮಾಡೋಣ’ ಅಂತ ಒಬ್ಬರು ಕೇಳಿಯೇ ಕೇಳುತ್ತಾರೆ. ಉತ್ತರ ಕೊಡಬೇಡಿ. ಅರ್ಧ ಗಂಟೆಯಲ್ಲಿ ಅವರೂ ನಿದ್ದೆ ಹೋಗಿರುತ್ತಾರೆ.

ಮೊದಲ ದಿನಕ್ಕೆ ಯಾವ ಪ್ಲಾನೂ ಬೇಡ. ಪ್ರಯಾಣದ ಆಯಾಸ, ಹೊಸ ಸೆಖೆ ಎರಡನ್ನೂ ಮೈ ಅರಗಿಸಿಕೊಳ್ಳಲಿ.

ಎಲ್ಲರೂ ಸದಾ ಒಟ್ಟಿಗೇ ಇರಬೇಕಾ?

ಖಂಡಿತ ಬೇಡ. ನನ್ನ ಪ್ರಕಾರ ಇಡೀ ಪಟ್ಟಿಯಲ್ಲಿ ಮುಖ್ಯವಾದ ಪ್ರಶ್ನೆ ಇದೇ. ಒಟ್ಟಿಗೆ ಬಂದಿದ್ದೀವಿ, ಒಟ್ಟಿಗೇ ಮಾಡಬೇಕು ಅನ್ನುವ ಹಟದಿಂದ ಎಲ್ಲರೂ ಎಲ್ಲರಿಗಾಗಿ ಕಾಯುತ್ತಾ ಕೂರುತ್ತಾರೆ. ಆರು ಜನರಲ್ಲಿ ಒಬ್ಬರಿಗೆ ಸನ್‌ಗ್ಲಾಸ್ ಸಿಕ್ಕಿಲ್ಲ, ಇನ್ನೊಬ್ಬರು ಫೋನಲ್ಲಿದ್ದಾರೆ, ಮತ್ತೊಬ್ಬರು ಆಗ ತಾನೇ ಸ್ನಾನಕ್ಕೆ ಹೋದರು. ಬಾಗಿಲಲ್ಲಿ ನಿಂತ ಮೂವರ ಮುಖ ನೋಡಿ, ಅಲ್ಲಿಂದಲೇ ಮುನಿಸು ಶುರು.

ರಾತ್ರಿ ಊಟ ಒಟ್ಟಿಗೆ ಅನ್ನುವ ಒಂದೇ ನಿಯಮ ಇಟ್ಟುಕೊಳ್ಳಿ. ಉಳಿದ ಹೊತ್ತು ಬರುವವರು ಬರಲಿ, ಬಾರದವರು ಬಿಡಲಿ. ‘ನಾನು ಬರಲ್ಲ’ ಅಂದವರನ್ನು ‘ಯಾಕೆ, ಏನಾಯ್ತು’ ಅಂತ ಕೆದಕಬೇಡಿ. ಏನೂ ಆಗಿರೋದಿಲ್ಲ. ಸುಮ್ನೆ ಕೂರಬೇಕು ಅನ್ನಿಸಿರುತ್ತದೆ, ಅಲ್ವಾ? ಅದಕ್ಕೇ ತಾನೇ ಬಂದದ್ದು. ಒಂಟಿಯಾಗಿ ಸಮುದ್ರಕ್ಕೆ ಇಳಿಯೋದು ಮಾತ್ರ ಯಾರಿಗೂ ಬೇಡ.

ಈಜು ಬಾರದವರು ಸ್ನಾರ್ಕಲಿಂಗ್ ಮಾಡಬಹುದಾ?

ಸ್ನಾರ್ಕಲಿಂಗ್ ಅಂದರೆ ಮಾಸ್ಕ್ ಹಾಕಿ, ಬಾಯಲ್ಲಿ ಉಸಿರಾಟದ ಕೊಳವೆ ಇಟ್ಟುಕೊಂಡು ತೇಲುತ್ತಾ ನೀರೊಳಗೆ ನೋಡೋದು. ಲೈಫ್ ಜಾಕೆಟ್ ಹಾಕಿಕೊಂಡು, ಗೈಡ್ ಪಕ್ಕದಲ್ಲಿದ್ದು, ಅಲೆಯಿಲ್ಲದ ಕಡೆ ಮಾಡಬಹುದು. ಮೊದಲು ಸೊಂಟದುದ್ದದ ನೀರಲ್ಲಿ ನಿಂತು ಮುಖ ಮುಳುಗಿಸಿ ಬಾಯಿಂದ ಉಸಿರಾಡೋದು ರೂಢಿಯಾಗಲಿ. ಮಾಸ್ಕ್ ಸರಿಯಾಗಿ ಕೂರುತ್ತದಾ ಅಂತ ನೋಡಲು ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿಂದ ಉಸಿರೆಳೆಯಿರಿ. ಕೈಬಿಟ್ಟರೂ ಅಂಟಿಕೊಂಡಿದ್ದರೆ ಸರಿ. ಮೀಸೆ ಇರುವವರಿಗೆ ಸ್ವಲ್ಪ ನೀರು ನುಗ್ಗುತ್ತದೆ. ಹವಳದ ಮೇಲೆ ಕಾಲಿಡಬೇಡಿ, ಅದು ಜೀವಂತ ಪ್ರಾಣಿಗಳ ಗುಂಪು. ನಿಮ್ಮ ಕಾಲೂ ಕೊಯ್ಯುತ್ತದೆ, ಆ ಗಾಯ ಬೇಗ ಕೀವಾಗುತ್ತದೆ.

ಸಮುದ್ರ ಎಳೆದುಕೊಂಡು ಹೋದರೆ?

ಅದನ್ನು ರಿಪ್ ಕರೆಂಟ್ ಅನ್ನುತ್ತಾರೆ. ಅಲೆಗಳು ತೀರಕ್ಕೆ ತಂದು ಸುರಿದ ನೀರು ಒಂದು ಇಕ್ಕಟ್ಟಾದ ದಾರಿ ಹಿಡಿದು ಜೋರಾಗಿ ವಾಪಸ್ ಹೋಗುತ್ತದೆ. ನೋಡಿ ಗುರುತಿಸಬಹುದು. ಎರಡೂ ಕಡೆ ಅಲೆ ಒಡೆದು ಬಿಳಿ ನೊರೆ ಏಳುತ್ತಿರುತ್ತದೆ, ನಡುವೆ ಒಂದು ಕಡೆ ಮಾತ್ರ ನೀರು ಸಮತಟ್ಟಾಗಿ, ಕಪ್ಪಾಗಿ, ಶಾಂತವಾಗಿ ಕಾಣುತ್ತದೆ. ಮರಳು ಕಲಕಿದ ಬಣ್ಣವೂ ಇರಬಹುದು. ಹೊಸಬರು ‘ಇಲ್ಲಿ ಅಲೆ ಇಲ್ಲ’ ಅಂತ ನೇರ ಅಲ್ಲಿಗೇ ಇಳಿಯುತ್ತಾರೆ.

ಸಿಕ್ಕಿಬಿದ್ದರೆ ತೀರದ ಕಡೆ ಮುಖಮಾಡಿ ಈಜಬೇಡಿ, ಸುಸ್ತಾಗಿ ಮುಳುಗುವವರು ಹಾಗೆಯೇ ಮುಳುಗೋದು. ಅದು ನಿಮ್ಮನ್ನು ಆಳಕ್ಕೆ ಎಳೆಯೋದಿಲ್ಲ, ದೂರಕ್ಕೆ ಒಯ್ಯುತ್ತದೆ. ತೇಲುತ್ತಾ ಕೈ ಎತ್ತಿ ಕೂಗಿ. ಶಕ್ತಿ ಇದ್ದರೆ ತೀರಕ್ಕೆ ಸಮಾನಾಂತರವಾಗಿ ಅಡ್ಡಕ್ಕೆ ಈಜಿ, ಎಳೆತ ತಪ್ಪಿದ ಮೇಲೆ ನೊರೆಯಿರುವ ಕಡೆಯಿಂದ ಓರೆಯಾಗಿ ವಾಪಸ್ ಬನ್ನಿ. ಗೆಳೆಯನನ್ನು ಉಳಿಸಲು ಬರಿಗೈಯಲ್ಲಿ ಹಾರಬೇಡಿ. ತೇಲುವ ಏನನ್ನಾದರೂ ಎಸೆಯಿರಿ, ಲೈಫ್‌ಗಾರ್ಡ್‌ನ್ನು ಕರೆಯಿರಿ. ಕೆಂಪು ಬಾವುಟ ಇದ್ದ ದಿನ ಮರಳಲ್ಲೇ ಕೂರೋಣ.

ಜೆಲ್ಲಿಫಿಶ್, ವಿಷದ ಮೀನು ಇತ್ಯಾದಿ?

ಎಲ್ಲ ಜೆಲ್ಲಿಗೂ ಒಂದೇ ಮದ್ದಿಲ್ಲ. ಬಾಕ್ಸ್ ಜೆಲ್ಲಿಫಿಶ್‌ಗೆ ವಿನೆಗರ್ ಸುರಿಯುತ್ತಾರೆ, ಅವು ಇರುವ ತೀರಗಳಲ್ಲಿ ಬಾಟಲಿಯನ್ನೇ ಇಟ್ಟಿರುವುದುಂಟು. ನೀಲಿ ಬಲೂನಿನ ಹಾಗೆ ತೇಲುವ ಬ್ಲೂಬಾಟಲ್‌ಗೆ ಆಸ್ಟ್ರೇಲಿಯಾದಲ್ಲಿ ಬಿಸಿನೀರೇ ಚಿಕಿತ್ಸೆ. ಯಾವುದು ಅಂತ ತಿಳಿಯದಿದ್ದರೆ ಸಮುದ್ರದ ನೀರಲ್ಲೇ ತೊಳೆಯಿರಿ, ಉಜ್ಜಬೇಡಿ, ಸಿಹಿನೀರು ಹಾಕಬೇಡಿ, ಅಲ್ಲಿನವರನ್ನು ಕೇಳಿ. ಮೂತ್ರ ಹಾಕಿದರೆ ಗುಣವಾಗುತ್ತದೆ ಅನ್ನೋದು ಬರೀ ಕಥೆ. ಉಸಿರಾಟ ಕಷ್ಟವಾದರೆ ಕಾಯದೆ ಆಸ್ಪತ್ರೆ.

ಸ್ಟೋನ್‌ಫಿಶ್ ಕಲ್ಲಿನ ಹಾಗೇ ಬಿದ್ದಿರುತ್ತದೆ, ತುಳಿದರೆ ಭಯಂಕರ ನೋವು. ತಡೆಯುವಷ್ಟು ಬಿಸಿಯಾದ, ಸುಮಾರು 45 ಡಿಗ್ರಿ ನೀರಲ್ಲಿ ಕಾಲಿಟ್ಟರೆ ನೋವು ಇಳಿಯುತ್ತದೆ, ಆದರೂ ಡಾಕ್ಟರ್ ಬೇಕೇ ಬೇಕು. ಮರಳಿನ ತಳದಲ್ಲಿ ತೊರಕೆ ಮೀನು (ಸ್ಟಿಂಗ್ ರೇ, ಬಾಲದಲ್ಲಿ ವಿಷದ ಮುಳ್ಳಿರುವ ಚಪ್ಪಟೆ ಮೀನು) ಮಲಗಿರುತ್ತದೆ. ಕಾಲೆತ್ತಿ ಇಡುವ ಬದಲು ಎಳೆದು ಎಳೆದು ನಡೆದರೆ ಅದೇ ಸರಿದುಹೋಗುತ್ತದೆ. ರಬ್ಬರ್ ತಳದ ನೀರಿನ ಶೂ ತಗೊಂಡು ಹೋಗಿ.

ಯಾವ ಸನ್‌ಸ್ಕ್ರೀನ್?

ಎಸ್‌ಪಿಎಫ್ (ಬಿಸಿಲು ತಡೆಯುವ ಮಟ್ಟದ ಅಂಕಿ) 30 ಇದ್ದರೆ ಚರ್ಮ ಸುಡುವ ಯುವಿಬಿ ಕಿರಣಗಳಲ್ಲಿ ಸುಮಾರು 97 ಶೇಕಡಾ ತಡೆಯುತ್ತದೆ, 50 ಇದ್ದರೆ 98. ವ್ಯತ್ಯಾಸ ಅಷ್ಟೇ. ಧಾರಾಳವಾಗಿ ಹಚ್ಚೋದು, ಎರಡು ಗಂಟೆಗೊಮ್ಮೆ ಮತ್ತು ನೀರಿಂದ ಬಂದ ಮೇಲೆ ಮತ್ತೆ ಹಚ್ಚೋದು ಮುಖ್ಯ. ಹವಾಯಿಯಲ್ಲಿ ಆಕ್ಸಿಬೆನ್‌ಜೋನ್, ಆಕ್ಟಿನಾಕ್ಸೇಟ್ ಅನ್ನುವ ರಾಸಾಯನಿಕ ಇರುವ ಸನ್‌ಸ್ಕ್ರೀನ್ ಮಾರಾಟಕ್ಕೆ 2021ರಿಂದ ನಿಷೇಧ ಇದೆ. ಪೆಸಿಫಿಕ್ ಸಾಗರದ ದ್ವೀಪದೇಶ ಪಲಾವು 2020ರಲ್ಲೇ ಹವಳಕ್ಕೆ ಹಾನಿ ಮಾಡುವ ಸನ್‌ಸ್ಕ್ರೀನ್‌ಗಳನ್ನು ನಿಲ್ಲಿಸಿತು. ಜಿಂಕ್ ಆಕ್ಸೈಡ್ ಇರುವುದನ್ನು ಕೊಳ್ಳಿ. ಸ್ನಾರ್ಕಲಿಂಗ್‌ಗೆ ತುಂಬುತೋಳಿನ ಈಜುಡುಗೆ ಇನ್ನೂ ವಾಸಿ, ಬೆನ್ನು ಸುಡೋದು ಅಲ್ಲೇ.

ಕೊನೆಯ ದಿನ ಡೈವಿಂಗ್ ಮಾಡಿ ಸಂಜೆ ವಿಮಾನ ಹತ್ತಬಹುದಾ?

ಇಲ್ಲ. ಸ್ಕೂಬಾದಲ್ಲಿ, ಅಂದರೆ ಗಾಳಿಯ ಸಿಲಿಂಡರ್ ಹೊತ್ತು ಆಳಕ್ಕೆ ಇಳಿಯುವಾಗ, ಒತ್ತಡದಡಿ ರಕ್ತದಲ್ಲಿ ಕರಗಿದ ನೈಟ್ರೋಜನ್ ಹೊರಹೋಗಲು ಸಮಯ ಬೇಕು, ಅದಕ್ಕೆ ಮುಂಚೆ ಹಾರಿದರೆ ಮೈಯೊಳಗೆ ಗುಳ್ಳೆಗಳಾಗಬಹುದು. ಒಂದೇ ಸಲ ಇಳಿದಿದ್ದರೆ ಕನಿಷ್ಠ 12 ಗಂಟೆ, ಹಲವು ಸಲ ಇಳಿದಿದ್ದರೆ 18 ಗಂಟೆ ಬಿಟ್ಟು ಹಾರಬೇಕು. ಡೈವಿಂಗನ್ನು ಎರಡನೇ ದಿನಕ್ಕೇ ಇಟ್ಟುಕೊಳ್ಳಿ.

ದೋಣಿಯಲ್ಲಿ ಹೊಟ್ಟೆ ತೊಳಸಿದರೆ?

ಮಾತ್ರೆಯನ್ನು ದೋಣಿ ಹತ್ತುವ ಮುಂಚೆ ತಗೊಳ್ಳಬೇಕು, ಶುರುವಾದ ಮೇಲೆ ಕೆಲಸ ಮಾಡೋದು ಕಮ್ಮಿ. ನಡುವೆ ಅಥವಾ ಹಿಂದೆ ಕೂತು ದಿಗಂತ ನೋಡಿ, ಫೋನ್ ಜೇಬಲ್ಲಿರಲಿ.

ಸೊಳ್ಳೆ?

ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚೋದು ಹಗಲಲ್ಲಿ. ಸಂಜೆಗೆ ಮಾತ್ರ ಕ್ರೀಮ್ ಹಚ್ಚಿದರೆ ಸಾಲದು. ಮೊದಲು ಸನ್‌ಸ್ಕ್ರೀನ್, ಅದರ ಮೇಲೆ ಸೊಳ್ಳೆ ಕ್ರೀಮ್. ಜ್ವರ ಬಂದರೆ ಪ್ಯಾರಾಸಿಟಮಾಲ್ ಸಾಕು, ಡೆಂಗಿ ಅಲ್ಲ ಅಂತ ಖಚಿತವಾಗುವವರೆಗೆ ಆಸ್ಪಿರಿನ್, ಐಬುಪ್ರೊಫೇನ್ ಬೇಡ.

ಸಿಕ್ಕ ಮೀನೆಲ್ಲ ತಿನ್ನಬಹುದಾ?

ಹವಳದ ದಿಬ್ಬದ ಬಳಿ ಬೇಟೆಯಾಡುವ ದೊಡ್ಡ ಮೀನುಗಳಲ್ಲಿ, ಅದರಲ್ಲೂ ಬಾರಾಕುಡಾದಲ್ಲಿ, ಸಿಗುವಾಟೆರಾ ಅನ್ನುವ ಕಾಯಿಲೆ ತರುವ ವಿಷ ಸೇರಿರಬಹುದು. ಎಷ್ಟು ಬೇಯಿಸಿದರೂ ಅದು ಹೋಗೋದಿಲ್ಲ, ರುಚಿಯಲ್ಲೂ ತಿಳಿಯೋದಿಲ್ಲ. ವಾಂತಿಭೇದಿಯ ಜೊತೆ ತಣ್ಣಗಿರೋದು ಮುಟ್ಟಿದರೆ ಸುಟ್ಟಂತಾಗೋದು ಇದರ ಗುರುತು. ಸಣ್ಣ ಮೀನು, ಅಲ್ಲಿನವರು ತಾವೇ ತಿನ್ನುವ ಮೀನು ತಿನ್ನಿ.

ಕುಡಿತ, ಸ್ಕೂಟರ್?

ಕುಡಿದು ನೀರಿಗೆ ಇಳಿಯೋದು ಬೇಡ, ರಾತ್ರಿಯಂತೂ ಬೇಡವೇ ಬೇಡ. ಸ್ಕೂಟರ್ ಬಾಡಿಗೆಗೆ ತಗೊಳ್ಳುವಾಗ ಅಲ್ಲಿ ನಡೆಯುವ ಲೈಸೆನ್ಸ್ ನಿಮ್ಮ ಬಳಿ ಇದೆಯಾ ನೋಡಿ. ಇಲ್ಲದೆ ಬಿದ್ದರೆ ಪ್ರಯಾಣ ವಿಮೆಯವರು ದುಡ್ಡು ಕೊಡದಿರಬಹುದು. ವಿಮೆ ಮಾಡಿಸುವಾಗ ದ್ವೀಪದಿಂದ ದೊಡ್ಡ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿದೆಯಾ ಅಂತ ಓದಿ.

ಮಾಲ್ಡೀವ್ಸ್‌ನಲ್ಲಿ ರೆಸಾರ್ಟ್ ದ್ವೀಪಗಳಲ್ಲಿ ಮದ್ಯ ಸಿಗುತ್ತದೆ, ಜನ ವಾಸಿಸುವ ದ್ವೀಪಗಳಲ್ಲಿ ನಿಷೇಧ. ಈಜುಡುಗೆಗೂ ಅಲ್ಲಿ ಬೇರೆ ತೀರವನ್ನೇ ಗುರುತಿಸಿರುತ್ತಾರೆ. ಕುಡಿಯಲೆಂದೇ ಹೊರಟವರಿದ್ದರೆ ಇದನ್ನು ಬುಕ್ ಮಾಡುವ ಮುಂಚೆಯೇ ಹೇಳಿಬಿಡಿ.

ಏನೇನು ತುಂಬಿಕೊಳ್ಳಬೇಕು?

ನೀವು ಅಂದುಕೊಂಡದ್ದರ ಅರ್ಧ. ಬೇಗ ಒಣಗುವ ಬಟ್ಟೆ, ಟೋಪಿ, ನೀರು ನುಗ್ಗದ ಚೀಲ, ಟಾರ್ಚ್, ಗಾಯದ ಮದ್ದು, ಓಆರ್‌ಎಸ್. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್‌ಇನ್ ಬ್ಯಾಗಿನಲ್ಲಿ ಬಿಡೋದಿಲ್ಲ. 100 ವ್ಯಾಟ್ ಅವರ್ ಸಾಮಾನ್ಯ ಮಿತಿ, 20,000 ಎಂಎಎಚ್‌ನದ್ದು ಅದರೊಳಗೇ ಬರುತ್ತದೆ. ಪಾಸ್‌ಪೋರ್ಟ್‌ಗೆ ಇನ್ನೂ ಆರು ತಿಂಗಳು ಅವಧಿ ಇರಲಿ, ಎಷ್ಟೋ ದೇಶಗಳು ಅದನ್ನು ಕೇಳುತ್ತವೆ. ದೊಡ್ಡ ಸ್ಪೀಕರ್ ಮನೆಯಲ್ಲೇ ಇರಲಿ, ದಯವಿಟ್ಟು.

ನೆನಪಿಗೆ ಚಿಪ್ಪು, ಹವಳ ತರಬಹುದಾ?

ಹವಳ ಬೇಡ. ಮಾಲ್ಡೀವ್ಸ್ ಸೇರಿದಂತೆ ಹಲವು ಕಡೆ ಸಾಗಿಸೋದು ಅಪರಾಧ. ದೈತ್ಯ ಕ್ಲ್ಯಾಮ್ ಚಿಪ್ಪಿಗೆ ಅಪಾಯದಲ್ಲಿರುವ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತಾರಾಷ್ಟ್ರೀಯ ಸೈಟಿಸ್ ಒಪ್ಪಂದದ ನಿರ್ಬಂಧ ಇದೆ, ಅಂಗಡಿಯವರು ರಸೀದಿ ಕೊಟ್ಟರೂ ಕಸ್ಟಮ್ಸ್‌ನಲ್ಲಿ ನಡೆಯೋದಿಲ್ಲ. ಅಂದಹಾಗೆ, ಆ ಬಿಳಿ ಮರಳಿನ ಒಂದು ಪಾಲು ಗಿಳಿಮೀನುಗಳು ಹವಳ ಕೆರೆದು ತಿಂದು ಹಿಕ್ಕೆ ಹಾಕಿದ್ದು. ಹೇಳಿದರೆ ಮರಳಲ್ಲಿ ಮಲಗಿದ ಗೆಳೆಯರು ಎದ್ದು ಕೂರುತ್ತಾರೆ, ನೋಡಿ.

ತೆಂಗಿನ ಮರದ ಕೆಳಗೆ ಮಲಗಬಹುದಾ?

ಕಾಯಿ ಇಲ್ಲದ ಮರದ ಕೆಳಗೆ. ಜೋಲಿ ಕಟ್ಟುವ ಮುಂಚೆ ಒಮ್ಮೆ ತಲೆ ಎತ್ತಿ ನೋಡಿ.

ಜಗಳವಾದರೆ?

ಮೂರನೇ ದಿನ ಒಂದು ಸಣ್ಣ ಕಿರಿಕಿರಿ ಬಂದೇ ಬರುತ್ತದೆ. ನಿದ್ದೆ ಕಮ್ಮಿ, ಬಿಸಿಲು ಜಾಸ್ತಿ, ನೀರು ಸಾಕಷ್ಟು ಕುಡಿದಿರೋದಿಲ್ಲ. ಅದಕ್ಕೆ ಸಭೆ ಸೇರಿಸಬೇಡಿ. ಊಟ ಹಾಕಿ, ಮಲಗಲು ಬಿಡಿ. ಸಂಜೆಗೂ ಉಳಿದಿದ್ದರೆ ಇಬ್ಬರೇ ತೀರದಲ್ಲಿ ನಡೆದು ಬರಲಿ. ಅದನ್ನು ಗುಂಪಿನ ವಾಟ್ಸಾಪ್‌ನಲ್ಲಿ ಮಾತ್ರ ಯಾರೂ ಬರೆಯಬಾರದು.

ವಾಪಸ್ ಬರುವ ದಿನ ಎಷ್ಟು ಮುಂಚೆ ಹೊರಡಬೇಕು?

ದೋಣಿಯ ಮೇಲೆ ನಂಬಿಕೆ ಇಟ್ಟು ಅದೇ ದಿನದ ವಿಮಾನ ಹಿಡಿಯುವ ಲೆಕ್ಕ ಹಾಕಬೇಡಿ. ಗಾಳಿ ಎದ್ದರೆ ದೋಣಿ ಬಿಡೋದಿಲ್ಲ, ವಿಮಾನ ನಿಮಗಾಗಿ ಕಾಯೋದೂ ಇಲ್ಲ. ಹಿಂದಿನ ದಿನವೇ ದಾಟಿ ವಿಮಾನ ನಿಲ್ದಾಣದ ಹತ್ತಿರ ಒಂದು ರಾತ್ರಿ ಉಳಿಯಿರಿ. ಕಾಮನ್ ಪರ್ಸ್‌ನಲ್ಲಿ ಉಳಿದ ದುಡ್ಡು ಆ ರಾತ್ರಿಯ ಊಟಕ್ಕೆ ಹೋಗಲಿ, ಲೆಕ್ಕವೂ ಅಲ್ಲೇ ಮುಗಿಯಲಿ.